ಎಂಜಿನ್ ಕೆಡಿಸಿಕೊಳ್ಳದೆ ಟರ್ಬೊ ಬೂಸ್ಟ್ ಏರಿಸುವುದು: ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಗಾಡಿಗಳಿಗೆ ಹಂತ ಹಂತದ ಮಾರ್ಗದರ್ಶಿ

"ಬೂಸ್ಟ್ ಏರಿಸೇನ್ರಿ ಅಣ್ಣಾ, ಆದ್ರೂ ಗಾಡಿ ಜಗ್ಗವಲ್ದು." ಗೋಕಾಕ, ಜಮಖಂಡಿ, ವಿಜಯಪುರ ಕಡೆಯ ಹುಡುಗರಿಂದ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಬೂಸ್ಟ್ ಅಂದರೆ ಟರ್ಬೊ ಎಂಜಿನ್ ಒಳಗೆ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ. ಗಾಡಿಗಳು ಬೇರೆ ಬೇರೆ. ಒಬ್ಬರದು ಪೋಲೊ ಟಿಎಸ್‌ಐ, ಇನ್ನೊಬ್ಬರದು ಆಕ್ಟೇವಿಯಾ, ಮತ್ತೊಬ್ಬರದು ಐ20 ಎನ್ ಲೈನ್. ಮಾಡಿದ್ದು ಮಾತ್ರ ಎಲ್ಲರೂ ಒಂದೇ. ಏರ್ ಫಿಲ್ಟರ್ ಹಾಕಿಸಿದರು, ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪ್) ಹಾಕಿಸಿದರು, ಅದೇ ವಾರ ಬೂಸ್ಟ್ ಏರಿಸಿದರು, ಗಾಡಿ ಸರಿಯಾಗಿ ಓಡದೇ ಇದ್ದಾಗ ಲಾಗ್, ಅಂದರೆ ಓಡುವಾಗಿನ ಎಂಜಿನ್ ಅಂಕಿಗಳ ದಾಖಲೆ, ತೆಗೆಯಲು ಕುಳಿತರು. ಕ್ರಮ ಪೂರ್ತಿ ತಿರುಗಾಮುರುಗಾ. ಬೂಸ್ಟ್ ಏರಿಸುವುದು ಕೊನೆಯ ಕೆಲಸ, ಅದಕ್ಕೆ ಮೊದಲು ಐದು ಹಂತಗಳಿವೆ.

ಯಾಕೆ ಅಂತ ಒಂದು ಸಣ್ಣ ಲೆಕ್ಕ ನೋಡಿ. ಮ್ಯಾನಿಫೋಲ್ಡ್‌ನಲ್ಲಿ, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪಿನಲ್ಲಿ, ಒಟ್ಟು ಒತ್ತಡ (ಹೊರಗಿನ ಗಾಳಿಯ ಒತ್ತಡವೂ ಸೇರಿ) 2.0 ಬಾರ್ ಇದೆ ಅಂದುಕೊಳ್ಳಿ. ನೀವು 2 ಪಿಎಸ್‌ಐ, ಅಂದರೆ ಸುಮಾರು 0.14 ಬಾರ್ ಏರಿಸಿದಿರಿ. ಗಾಳಿ ಶೇ. 7ರಷ್ಟು ಜಾಸ್ತಿ ಒಳಗೆ ಹೋಗಬೇಕು. ಆದರೆ ಅದೇ ಹೊತ್ತಿಗೆ ಒಳಗೆ ಹೋಗುವ ಗಾಳಿಯ ಬಿಸಿ 40 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ, ಗಾಳಿ ತೆಳುವಾಗಿ ಶೇ. 6ರಷ್ಟು ಹೋಯಿತು. ಉಳಿದ ಚೂರನ್ನು ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ತಿನ್ನುತ್ತದೆ, ಯಾಕೆಂದರೆ ನಾಕಿಂಗ್ ಕೇಳಿಸಿದ ತಕ್ಷಣ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇಗ್ನಿಷನ್ ಟೈಮಿಂಗ್ (ಕಿಡಿ ಕೊಡುವ ಹೊತ್ತು) ಹಿಂದಕ್ಕೆ ಎಳೆಯುತ್ತದೆ. ಗೇಜಿನಲ್ಲಿ ಮುಳ್ಳು ಮೇಲೆ ಹೋಗಿದೆ, ಗಾಡಿ ಮಾತ್ರ ಇದ್ದಲ್ಲೇ ಇದೆ, ಎಂಜಿನ್ ಮೇಲಿನ ಹೊರೆ ಜಾಸ್ತಿಯಾಗಿದೆ.

ಇಲ್ಲಿ ಹೇಳುವುದೆಲ್ಲ ಪೆಟ್ರೋಲ್ ಟರ್ಬೊ ಗಾಡಿಗಳ ಬಗ್ಗೆ, ಅದೂ ಕಂಪನಿಯ ಟರ್ಬೊ, ಕಂಪನಿಯ ಪಿಸ್ಟನ್ ಇರುವ ಗಾಡಿಗಳ ಬಗ್ಗೆ. ಡೀಸೆಲ್‌ನ ವ್ಯವಹಾರವೇ ಬೇರೆ.

## ಹಂತ 1: ನಿಮ್ಮ ಗಾಡಿಯ ದುರ್ಬಲ ಭಾಗ ಯಾವುದು ಅಂತ ಮೊದಲು ತಿಳಿಯಿರಿ

ತುಂಬಾ ಜನ ಎಂಜಿನ್ ಎಷ್ಟು ತಡೆಯುತ್ತದೆ ಅಂತ ಕೇಳುತ್ತಾರೆ. ಹಲವು ಗಾಡಿಗಳಲ್ಲಿ ಮೊದಲು ಸೋಲುವುದು ಗೇರ್‌ಬಾಕ್ಸ್. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳ 7 ಸ್ಪೀಡ್ ಒಣ ಕ್ಲಚ್ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಅಂದರೆ ಡಿಕ್ಯೂ200, ಅದನ್ನು ಮಾಡಿರುವುದೇ 250 ಎನ್‌ಎಂ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ). ನಮ್ಮಲ್ಲಿ ಬಂದ ಆಕ್ಟೇವಿಯಾ 1.8 ಟಿಎಸ್‌ಐ ಕಂಪನಿಯಿಂದಲೇ 250 ಎನ್‌ಎಂ ಕೊಡುತ್ತದೆ. ಅಂದರೆ ಅಲ್ಲಿ ಮಿಕ್ಕಿದ್ದು ಏನೂ ಇಲ್ಲ ಅಂತಲೇ ತಿಳಿದುಕೊಳ್ಳಿ. ಪೋಲೊ 1.2 ಟಿಎಸ್‌ಐ 175 ಎನ್‌ಎಂ ಕೊಡುತ್ತಿತ್ತು, ಗೇರ್‌ಬಾಕ್ಸ್ ಅದೇ, ಹಾಗಾಗಿ ಅದಕ್ಕೆ ಸ್ವಲ್ಪ ಜಾಗ ಇದೆ. ಮ್ಯಾನ್ಯುವಲ್ ಗಾಡಿಯಲ್ಲಿ ಕ್ಲಚ್ ನೋಡಿ: ನಾಲ್ಕನೇ ಗೇರಿನಲ್ಲಿ ಸುಮಾರು 2500 ಆರ್‌ಪಿಎಂನಿಂದ ಜೋರಾಗಿ ಒತ್ತಿದಾಗ ಆರ್‌ಪಿಎಂ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬೂಸ್ಟ್ ಮಾತು ಅಲ್ಲಿಗೇ ನಿಲ್ಲಿಸಿ, ಮೊದಲು ಕ್ಲಚ್ ಹಾಕಿಸಿ.

ಇನ್ನೊಂದು ವಿಷಯ. ವಾರಂಟಿ ಇರುವ ಗಾಡಿಯಾದರೆ ಅದು ಹೋಗುತ್ತದೆ ಅಂತಲೇ ಲೆಕ್ಕ ಹಾಕಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ಹೊರತಾದ ಬದಲಾವಣೆಯನ್ನು ತಡೆಯುತ್ತದೆ. ವಿಮೆಯವರಿಗೆ ತಿಳಿಸದೆ ಮಾಡಿದರೆ ಅಪಘಾತ ಆದ ದಿನ ಕ್ಲೈಮಿಗೆ ತೊಂದರೆ. ಇದನ್ನೆಲ್ಲ ಓದಿ, ಕೇಳಿ, ಆಮೇಲೆ ಮುಂದಿನ ಹೆಜ್ಜೆ ಇಡಿ.

## ಹಂತ 2: ಬೇಕಾದ ಸಾಮಾನು

ಲಾಗ್ ತೆಗೆಯಲು ಗಾಡಿಯ ಓಬಿಡಿ ಸಾಕೆಟ್ಟಿಗೆ ಹಾಕಿ ಇಸಿಯು ಅಂಕಿ ಓದುವ ಒಳ್ಳೆಯ ಅಡಾಪ್ಟರ್ ಬೇಕು. ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಯಾದರೆ ವಿಸಿಡಿಎಸ್ ಅನ್ನುವ ಸ್ಕ್ಯಾನ್ ಸಾಫ್ಟ್‌ವೇರ್ ಇದ್ದರೆ ಬಹಳ ಸುಲಭ. ಅತಿ ಅಗ್ಗದ ಡಾಂಗಲ್‌ಗಳು ಸೆಕೆಂಡಿಗೆ ಒಂದೆರಡು ಸಲ ಮಾತ್ರ ಅಂಕಿ ಕೊಡುತ್ತವೆ, ಬೂಸ್ಟ್ ಕ್ಷಣಮಾತ್ರ ಜಿಗಿದು ಇಳಿದರೆ ಅದು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಅದರ ಜೊತೆ ಕಂಪ್ರೆಷನ್ ಗೇಜ್, ಫೀಲರ್ ಗೇಜ್, ಟಾರ್ಕ್ ರೆಂಚ್, ರೆಗ್ಯುಲೇಟರ್ ಇರುವ ಗಾಳಿ ಪೈಪ್, ಸೋಪಿನ ನೀರು, ಮತ್ತು ಗಾಡಿಯಲ್ಲಿ ಒಂದು ಬೆಂಕಿ ಆರಿಸುವ ಸಿಲಿಂಡರ್. ಲೀಕ್ ಟೆಸ್ಟ್ ಮಾಡಲು ಟರ್ಬೊ ಬಾಯಿಗೆ ಕೂರುವ ಒಂದು ಮುಚ್ಚಳ ಬೇಕು. ಬೆಳಗಾವಿಯವರಿಗೆ ಇದು ಚಿಂತೆಯೇ ಅಲ್ಲ. ಉದ್ಯಮಬಾಗದಲ್ಲಿ ಯಾವುದಾದರೂ ಲೇತ್ ಅಂಗಡಿಗೆ ಅಳತೆ ಕೊಟ್ಟರೆ ನೈಲಾನ್ ಅಥವಾ ಅಲ್ಯೂಮಿನಿಯಂ ತುಂಡಿನಲ್ಲಿ ತಿರುಗಿಸಿ, ನಡುವೆ ತೂತು ಹಾಕಿ ಟಯರಿನ ವಾಲ್ ಕೂರಿಸಿ ಕೊಡುತ್ತಾರೆ.

## ಹಂತ 3: ಎಂಜಿನ್ ಗಟ್ಟಿ ಇದೆಯಾ, ಗಾಳಿ ಎಲ್ಲಿಯೂ ಸೋರುತ್ತಿಲ್ಲವಾ

ಮೊದಲು ಕಂಪ್ರೆಷನ್. ಎಂಜಿನ್ ಬಿಸಿ ಇರಬೇಕು, ಎಲ್ಲ ಪ್ಲಗ್ ತೆಗೆದಿರಬೇಕು, ಇಂಧನ ಮತ್ತು ಇಗ್ನಿಷನ್ ಬಂದ್ ಮಾಡಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಒಂದು ಸಿಲಿಂಡರ್‌ಗೂ ಇನ್ನೊಂದಕ್ಕೂ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಈ ಮಾರ್ಗದರ್ಶಿಯನ್ನು ಪಕ್ಕಕ್ಕಿಡಿ. ಆ ಎಂಜಿನ್ನಿಗೆ ಬೇಕಿರುವುದು ರಿಪೇರಿ.

ಈಗ ಲೀಕ್ ಟೆಸ್ಟ್. ಇದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನನ್ನ ಗಾಡಿಯಲ್ಲೇ ಆದದ್ದು: ವಿಜಯಪುರದ ಮೇ ಬಿಸಿಲಿನಲ್ಲಿ ಬೂಸ್ಟ್ ಕಡಿಮೆ ಬರುತ್ತಿತ್ತು, ಒಂದು ವರ್ಕ್‌ಶಾಪಿನಲ್ಲಿ ತೋರಿಸಿದರೆ ಅವರು ಲೀಕ್ ನೋಡದೆ ಫೈಲ್‌ನಲ್ಲೇ (ಇಸಿಯು ಒಳಗಿನ ಸಾಫ್ಟ್‌ವೇರ್‌ನಲ್ಲೇ) ಬೂಸ್ಟ್ ಇನ್ನಷ್ಟು ಏರಿಸಿ ಕೊಟ್ಟರು. ಗಾಡಿ ಓಡಿತು, ಹೌದು. ಆದರೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪಿನ ಅಡಿಭಾಗದಲ್ಲಿ ಒಂದು ಸಣ್ಣ ಸೀಳು ಇತ್ತು, ಸೋರಿದ ಗಾಳಿಯನ್ನು ತುಂಬಲು ಟರ್ಬೊ ತನ್ನ ಮಿತಿ ಮೀರಿ ತಿರುಗುತ್ತಿತ್ತು. ಎರಡು ತಿಂಗಳಲ್ಲಿ ಟರ್ಬೊ ಶಾಫ್ಟ್ ಆಡಲು ಶುರುವಾಯಿತು. ಆ ಸೀಳು ಕಂಡುಹಿಡಿಯಲು ಸೋಪಿನ ನೀರು ಹಾಕಿ ಹತ್ತು ನಿಮಿಷ ಸಾಕಾಗಿತ್ತು.

ಮಾಡುವುದು ಹೀಗೆ. ಎಂಜಿನ್ ಬಂದ್ ಇರಲಿ, ತಣ್ಣಗಿರಲಿ. ಫಿಲ್ಟರ್ ಕಡೆಯ ಪೈಪ್ ತೆಗೆದು ಟರ್ಬೊ ಬಾಯಿಗೆ ಮುಚ್ಚಳ ಹಾಕಿ ಕ್ಲಾಂಪ್ ಬಿಗಿಯಿರಿ. ಕ್ರ್ಯಾಂಕ್‌ಕೇಸ್‌ನಿಂದ ಬರುವ ಉಸಿರುಪೈಪನ್ನು ಮುಚ್ಚಿ, ಆಯಿಲ್ ಹಾಕುವ ಮುಚ್ಚಳ ಸಡಿಲ ಬಿಡಿ, ಇಲ್ಲದಿದ್ದರೆ ಒತ್ತಡ ಎಂಜಿನ್ ಒಳಗೆ ಹೋಗಿ ಆಯಿಲ್ ಸೀಲ್ ಹೊರಗೆ ತಳ್ಳುತ್ತದೆ. ರೆಗ್ಯುಲೇಟರ್‌ನಿಂದ ಮೊದಲು 5 ಪಿಎಸ್‌ಐ, ಆಮೇಲೆ 10, ಹೆಚ್ಚೆಂದರೆ 15. ಪಂಕ್ಚರ್ ಅಂಗಡಿಯ ಟ್ಯಾಂಕಿನಲ್ಲಿ 100 ಪಿಎಸ್‌ಐ ಮೇಲೇ ಇರುತ್ತದೆ, ಅದನ್ನು ನೇರವಾಗಿ ಬಿಡಬೇಡಿ. ಮುಚ್ಚಳದ ಎದುರಿಗೆ ಮುಖ ಇಡಬೇಡಿ, ಅದು ಹಾರಿ ಬಂದರೆ ಹಲ್ಲು ಉಳಿಯುವುದಿಲ್ಲ. ಆಮೇಲೆ ಪ್ರತಿ ಜೋಡಣೆಗೂ ಸೋಪಿನ ನೀರು ಹಾಕುತ್ತಾ ಹೋಗಿ: ಥ್ರಾಟಲ್ ಹತ್ತಿರದ ಪೈಪ್, ಇಂಟರ್‌ಕೂಲರ್‌ನ ಎರಡೂ ಕೊನೆಯ ಪ್ಲಾಸ್ಟಿಕ್, ಡೈವರ್ಟರ್ ವಾಲ್ವ್ (ಕಾಲು ತೆಗೆದಾಗ ಹೆಚ್ಚಿನ ಒತ್ತಡ ಬಿಡುವ ವಾಲ್ವ್). ಡೈವರ್ಟರ್ ವಾಲ್ವ್ ಒಳಗಿನ ರಬ್ಬರ್ ಹರಿಯುವುದು ತೀರಾ ಸಾಮಾನ್ಯ.

ಪ್ಲಗ್ ಹೊಸದು ಹಾಕಿ. ಒಂದು ಮೆಟ್ಟಿಲು ತಣ್ಣನೆಯ ಪ್ಲಗ್, ಅಂದರೆ ಬಿಸಿಯನ್ನು ಬೇಗ ಹೊರಗೆ ದಾಟಿಸುವ ಪ್ಲಗ್, ಒಳ್ಳೆಯದು. ಇಲ್ಲಿ ಒಂದು ಗೊಂದಲ ಇದೆ, ಎನ್‌ಜಿಕೆಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ತಣ್ಣನೆಯ ಪ್ಲಗ್, ಬಾಷ್‌ನಲ್ಲಿ ಸಂಖ್ಯೆ ಸಣ್ಣದಾದಷ್ಟೂ ತಣ್ಣನೆಯದು. ಗ್ಯಾಪ್ 0.8 ಮಿಮೀ ಇದ್ದರೆ 0.65 ಅಥವಾ 0.7ಕ್ಕೆ ತನ್ನಿ, ಬೂಸ್ಟ್ ಜಾಸ್ತಿ ಆದಾಗ ಕಿಡಿ ಆರಿಹೋಗುವುದಿಲ್ಲ.

## ಹಂತ 4: ತಂಪು, ಪೆಟ್ರೋಲ್, ಆಯಿಲ್, ಫಿಲ್ಟರ್

ಈಗಿನ 1.0 ಟಿಎಸ್‌ಐಯಂಥ ಎಂಜಿನ್‌ಗಳಲ್ಲಿ ಟರ್ಬೊ ಗಾಳಿಯನ್ನು ತಣಿಸುವುದು ನೀರು. ಆ ನೀರಿನ ಸಣ್ಣ ಪಂಪ್ ಓಡುತ್ತಿದೆಯಾ, ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆಯಾ ನೋಡಿ. ಮುಂದೆ ಇಂಟರ್‌ಕೂಲರ್ ಇರುವ ಗಾಡಿಯಾದರೆ ಅದರ ರೆಕ್ಕೆಗಳ ನಡುವಿನ ಎರಿಮಣ್ಣು ತೊಳೆಯಿರಿ. ಜೋರು ಪ್ರೆಷರ್ ನೀರು ಬೇಡ, ರೆಕ್ಕೆ ಮಡಚಿಕೊಳ್ಳುತ್ತವೆ.

ಫಿಲ್ಟರ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಬಾಗಲಕೋಟೆ, ವಿಜಯಪುರದ ಧೂಳಿಗೆ ತೆರೆದ ಕೋನ್ ಫಿಲ್ಟರ್ ಬೇಡ. ಅದು ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಎಳೆಯುತ್ತದೆ, ಕಳಪೆ ಹತ್ತಿ ಫಿಲ್ಟರ್ ಆದರೆ ಸಣ್ಣ ಧೂಳನ್ನೂ ಬಿಡುತ್ತದೆ, ಆ ಧೂಳು ಕಂಪ್ರೆಸರ್ ಚಕ್ರದ ಅಂಚನ್ನು ಉಜ್ಜಿ ಸವೆಸುತ್ತದೆ. ಕಂಪನಿಯ ಡಬ್ಬಿಯಲ್ಲೇ ಒಳ್ಳೆಯ ಕಾಗದದ ಫಿಲ್ಟರ್ ಹಾಕಿ, ಬೇಗ ಬೇಗ ಬದಲಿಸಿ.

ಪೆಟ್ರೋಲ್ ಯಾವಾಗಲೂ ಒಂದೇ ಬಂಕಿನದು, ಸಿಗುವುದರಲ್ಲಿ ಹೆಚ್ಚಿನ ಆಕ್ಟೇನ್‌ನದು ಇರಲಿ. ದಿನಾ ಯಾವ ಪೆಟ್ರೋಲ್ ಹಾಕುತ್ತೀರೋ ಅದಕ್ಕೇ ಟ್ಯೂನ್ ಮಾಡಿಸಿ. 100 ಆಕ್ಟೇನ್ ತುಂಬಿಸಿ ಟ್ಯೂನ್ ಮಾಡಿಸಿಕೊಂಡು ಬಂದು, ಇಳಕಲ್ಲಿನ ದಾರಿಯಲ್ಲಿ ಸಿಕ್ಕ ಬಂಕಿನಲ್ಲಿ ಸಾದಾ ಪೆಟ್ರೋಲ್ ಹಾಕಿ ಅದೇ ಫೈಲ್‌ನಲ್ಲಿ ಒತ್ತಿದರೆ ಪಿಸ್ಟನ್ನಿಗೆ ಪೆಟ್ಟು. ಇನ್ನೊಂದು ಮಾತು, ನಮ್ಮದು ಕಬ್ಬಿನ ನಾಡು, ಎಥನಾಲ್ ಇಲ್ಲೇ ತಯಾರಾಗುತ್ತದೆ, ಹಾಗಂತ ಯಾರೋ ಕೊಟ್ಟ ಸ್ಪಿರಿಟ್ ಟ್ಯಾಂಕಿಗೆ ಬೆರೆಸುವ ಕೆಲಸ ಖಂಡಿತ ಬೇಡ. ಅದರಲ್ಲಿ ನೀರೆಷ್ಟಿದೆ ನಿಮಗೆ ಗೊತ್ತಿಲ್ಲ, ಎಂಜಿನ್ ಕೇಳುವಷ್ಟು ಇಂಧನ ಹಾಕಲು ಇಂಜೆಕ್ಟರ್‌ಗೆ ಆಗುವುದಿಲ್ಲ.

ಆಯಿಲ್ ಎಪಿಐ ಎಸ್‌ಪಿ ದರ್ಜೆಯದು, ಜೊತೆಗೆ ನಿಮ್ಮ ಕಂಪನಿ ಹೇಳಿದ ನಂಬರಿಗೆ ಹೊಂದುವಂಥದು ಹಾಕಿ. ಬದಲಿಸುವ ಅಂತರ ಅರ್ಧ ಮಾಡಿ.

## ಹಂತ 5: ಏನೂ ಬದಲಿಸದೆ ಮೊದಲ ಲಾಗ್

ಬೂಸ್ಟ್ ಮುಟ್ಟುವ ಮೊದಲು ಗಾಡಿ ಈಗ ಹೇಗಿದೆ ಅಂತ ಬರೆದಿಟ್ಟುಕೊಳ್ಳಿ. ಆರ್‌ಪಿಎಂ, ಇಸಿಯು ಕೇಳಿದ ಬೂಸ್ಟ್, ನಿಜವಾಗಿ ಬಂದ ಬೂಸ್ಟ್, ಪ್ರತಿ ಸಿಲಿಂಡರಿನ ಟೈಮಿಂಗ್ ಕಡಿತ, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಮಿಶ್ರಣದ ಅಳತೆ, 1ಕ್ಕಿಂತ ಮೇಲೆ ಅಂದರೆ ತೆಳು), ಒಳಗಾಳಿಯ ಬಿಸಿ, ಇಂಧನದ ರೈಲ್ ಒತ್ತಡ, ವೇಸ್ಟ್‌ಗೇಟ್ ಡ್ಯೂಟಿ (ಹೊಗೆಯನ್ನು ಟರ್ಬೊ ಪಕ್ಕದಿಂದ ಬಿಟ್ಟು ಬೂಸ್ಟ್ ಹಿಡಿತದಲ್ಲಿಡುವ ಬಾಗಿಲಿಗೆ ಇಸಿಯು ಕೊಡುವ ಆಜ್ಞೆಯ ಶೇಕಡಾ). ಇಷ್ಟಿದ್ದರೆ ಸಾಕು. ಮಿಶ್ರಣ ನೋಡುವಾಗ ಲ್ಯಾಂಬ್ಡಾವನ್ನೇ ನೋಡಿ. ಗಾಳಿಗೂ ಪೆಟ್ರೋಲಿಗೂ 14.7 ಅನ್ನುವ ಹಳೆಯ ಅನುಪಾತ ಇ20 (ಶೇ. 20 ಎಥನಾಲ್ ಇರುವ) ಪೆಟ್ರೋಲಿಗೆ ಹೊಂದುವುದಿಲ್ಲ, ಅದರದು ಸುಮಾರು 13.5.

ಕೀ ಹಾಕಿ, ಎಂಜಿನ್ ಚಾಲೂ ಮಾಡದೆ ಮ್ಯಾನಿಫೋಲ್ಡ್ ಒತ್ತಡ ಎಷ್ಟು ತೋರಿಸುತ್ತದೆ ನೋಡಿ. ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರ, ಅಲ್ಲಿ 925 ಮಿಲಿಬಾರ್ ಆಸುಪಾಸು ಬರಬೇಕು. ವಿಜಯಪುರದಲ್ಲಿ 940ರ ಆಸುಪಾಸು. ಪಣಜಿಯಲ್ಲಿ 1010. ಇದಕ್ಕಿಂತ ತುಂಬಾ ಬೇರೆ ಬಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ.

ಈ ಎತ್ತರದ ವಿಷಯ ನಮ್ಮ ಕಡೆಯವರಿಗೆ ಬಹಳ ಮುಖ್ಯ. ಒಟ್ಟು ಒತ್ತಡ 2.0 ಬಾರ್ ಬೇಕಾದರೆ ಪಣಜಿಯಲ್ಲಿ ಟರ್ಬೊ ಹೊರಗಿನ ಗಾಳಿಯನ್ನು 1.98 ಪಟ್ಟು ಒತ್ತಿದರೆ ಆಯಿತು, ಬೆಳಗಾವಿಯಲ್ಲಿ 2.16 ಪಟ್ಟು ಒತ್ತಬೇಕು. ಅದೇ ಅಂಕಿಗೆ ಇಲ್ಲಿ ಟರ್ಬೊ ಜಾಸ್ತಿ ದುಡಿಯುತ್ತದೆ, ಗಾಳಿಯೂ ಜಾಸ್ತಿ ಬಿಸಿಯಾಗುತ್ತದೆ. ಕರಾವಳಿಯ ಗೆಳೆಯನ ಗಾಡಿಯ ಅಂಕಿಯನ್ನು ಹಾಗೇ ತಂದು ನಿಮ್ಮದಕ್ಕೆ ಹಾಕಬೇಡಿ ಅನ್ನುವುದು ಇದಕ್ಕೇ.

ಎಲ್ಲಿ ಓಡಿಸಬೇಕು? ಪೂರ್ತಿ ಆರ್‌ಪಿಎಂವರೆಗಿನ ಪರೀಕ್ಷೆ ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಮಾಡಿಸಿ, ಪುಣೆ ಅಥವಾ ಬೆಂಗಳೂರಿಗೆ ಒಂದು ಸಲ ಹೋಗಿ ಬಂದರೆ ಆಯಿತು. ರಸ್ತೆಯಲ್ಲಾದರೆ ಹಗಲಲ್ಲಿ, ಖಾಲಿ ಇರುವಾಗ, ಎರಡನೇ ಅಥವಾ ಮೂರನೇ ಗೇರಿನಲ್ಲಿ, ಆ ರಸ್ತೆಯ ವೇಗಮಿತಿ ದಾಟದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಬೇಡವೇ ಬೇಡ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಡಬ್ಬಿಗಳು ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಲಾಗ್ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ. ಮೂರು ಸಲ ಓಡಿಸಿ, ನಡುವೆ ಮೂರ್ನಾಲ್ಕು ನಿಮಿಷ ನಿಧಾನಕ್ಕೆ ಹೋಗಿ.

## ಹಂತ 6: ಈಗ ಬೂಸ್ಟ್

ಹೊಸ ಗಾಡಿಗಳಲ್ಲಿ ಸರಿಯಾದ ದಾರಿ ಒಂದೇ, ಇಸಿಯು ಫೈಲ್ ಬದಲಿಸುವುದು. ಅಡ್ಡದಾರಿಗಳು ಮೂರು ಇವೆ. ಪಿಗ್ಗಿಬ್ಯಾಕ್ ಡಬ್ಬಿ ಬಹುತೇಕ ಸೆನ್ಸರ್ ಅಂಕಿಯನ್ನು ಕಡಿಮೆ ಮಾಡಿ ಇಸಿಯುಗೆ ಹೇಳುತ್ತದೆ, ಇಸಿಯು ಬೂಸ್ಟ್ ಕಡಿಮೆ ಇದೆ ಅಂದುಕೊಂಡು ಏರಿಸುತ್ತದೆ. ಆದರೆ ಅಪಾಯದ ಮಿತಿಯನ್ನೂ ಅದೇ ತಪ್ಪು ಅಂಕಿಯಿಂದಲೇ ಅಳೆಯುತ್ತದೆ. ವೇಸ್ಟ್‌ಗೇಟ್ ಕಡ್ಡಿ ತಿರುಗಿಸುವುದು ಎರಡನೆಯದು, ಎಲೆಕ್ಟ್ರಿಕ್ ವೇಸ್ಟ್‌ಗೇಟ್ ಇದ್ದರೆ ಅದು ಕಲಿತಿದ್ದ ಅಳತೆಯೇ ತಪ್ಪಿಹೋಗುತ್ತದೆ. ಮೂರನೆಯದು ಕೈಯಿಂದ ತಿರುಗಿಸುವ ಬೂಸ್ಟ್ ಕಂಟ್ರೋಲರ್. ಟಾರ್ಕ್ ಲೆಕ್ಕ ಹಾಕುವ ಇಸಿಯು ಅದನ್ನು ಕಂಡು ಥ್ರಾಟಲ್ ಮುಚ್ಚಿಬಿಡುತ್ತದೆ. ಹಳೆಯ ಸರಳ ಗಾಡಿಗಳಲ್ಲಿ ಅದು ನಡೆಯುತ್ತದೆ, ಆದರೆ ಇಂಧನ ಮತ್ತು ಟೈಮಿಂಗ್ ಜೊತೆಗೇ ಸರಿಮಾಡಬೇಕು.

ಟ್ಯೂನರ್ ಹತ್ತಿರ ಹೋದಾಗ ಈ ಮಾತುಗಳನ್ನು ಮುಜುಗರ ಪಡದೆ ಕೇಳಿ. ಬೂಸ್ಟ್ ಎಷ್ಟು, ಅದು ಒಟ್ಟು ಒತ್ತಡವಾ ಗೇಜ್ ಒತ್ತಡವಾ (ಹೊರಗಿನ ಗಾಳಿಯ ಒತ್ತಡ ಬಿಟ್ಟು)? ಯಾವ ಆಕ್ಟೇನ್‌ಗೆ? ಗೇರ್‌ಬಾಕ್ಸ್‌ಗೆ ಟಾರ್ಕ್ ಮಿತಿ ಇಟ್ಟಿದ್ದೀರಾ? ನಾಕ್ ರಕ್ಷಣೆ, ಬಿಸಿ ರಕ್ಷಣೆ ಹಾಗೇ ಇದೆಯಾ? ಕಂಪನಿಯ ಮೂಲ ಫೈಲ್ ನನಗೆ ಕೊಡ್ತೀರಾ? ಕೊನೆಯದಕ್ಕೆ ಇಲ್ಲ ಅಂದರೆ ಎದ್ದು ಬನ್ನಿ. ಫೈಲ್ ಹಾಕುವಾಗ ಬ್ಯಾಟರಿಗೆ ಚಾರ್ಜರ್ ಹಚ್ಚಿರಬೇಕು. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು, ಹಾಗಾಗಿ ಬ್ಯಾಟರಿ ಮೊದಲೇ ಪೂರ್ತಿ ಚಾರ್ಜ್ ಆಗಿರಲಿ, ಲ್ಯಾಪ್‌ಟಾಪ್ ಕೂಡ. ಅರ್ಧಕ್ಕೆ ನಿಂತರೆ ಇಸಿಯು ಕೆಟ್ಟುಹೋಗಬಹುದು.

ಏರಿಸುವುದು ಒಂದು ಸಲಕ್ಕೆ 1 ಪಿಎಸ್‌ಐ, ಅಂದರೆ 0.07 ಬಾರ್ ಮಾತ್ರ. ಪ್ರತಿ ಸಲವೂ ಮೂರು ಲಾಗ್. ಹಿಂದಿನದರ ಜೊತೆ ಹೋಲಿಸಿ. ಒಂದೇ ಸಲಕ್ಕೆ ಒಂದೇ ಬದಲಾವಣೆ, ಪ್ಲಗ್ಗೂ ಫೈಲೂ ಒಟ್ಟಿಗೆ ಬದಲಿಸಿದರೆ ಏನು ತಪ್ಪಾಯಿತು ಅಂತ ಗೊತ್ತಾಗುವುದಿಲ್ಲ.

## ಹಂತ 7: ಲಾಗ್ ಓದುವುದು, ಕಾಲು ಯಾವಾಗ ತೆಗೆಯಬೇಕು

ಮೊದಲು ಟೈಮಿಂಗ್ ಕಡಿತ ನೋಡಿ. ಅಲ್ಲೊಂದು ಇಲ್ಲೊಂದು ಸಿಲಿಂಡರಿನಲ್ಲಿ 1–2 ಡಿಗ್ರಿ ಬಂದು ಹೋದರೆ ಭಯ ಬೇಡ. ಒಂದೇ ಆರ್‌ಪಿಎಂನಲ್ಲಿ, ಮೂರೂ ಲಾಗಿನಲ್ಲಿ, 3 ಡಿಗ್ರಿ ದಾಟಿದರೆ ಹಿಂದಿನ ಫೈಲಿಗೆ ಹೋಗಿ. 5 ದಾಟಿದರೆ ಆ ಕ್ಷಣವೇ ಕಾಲು ತೆಗೆಯಿರಿ. ಡಬ್ಬಿಯಲ್ಲಿ ಸಣ್ಣ ಕಲ್ಲು ಅಲ್ಲಾಡಿಸಿದ ಹಾಗೆ ಕಟಕಟ ಕೇಳಿಸಿದರೆ ಲಾಗ್ ನೋಡುವ ಅಗತ್ಯವೇ ಇಲ್ಲ.

ಇಂಧನದ ರೈಲ್ ಒತ್ತಡ ಕೇಳಿದ್ದಕ್ಕಿಂತ ಶೇ. 10ರಷ್ಟು ಕೆಳಗೆ ಬೀಳುತ್ತಿದ್ದರೆ ಪಂಪ್‌ನ ಶಕ್ತಿ ಮುಗಿಯಿತು. ಲ್ಯಾಂಬ್ಡಾ ಪೂರ್ತಿ ಒತ್ತಿದಾಗ ಫೈಲ್ ಕೇಳಿದ್ದಕ್ಕಿಂತ 0.05 ಮೇಲೆ ಹೋದರೆ ಮಿಶ್ರಣ ತೆಳುವಾಗುತ್ತಿದೆ, ಇದು ಪಿಸ್ಟನ್ ಕರಗುವ ದಾರಿ. ಒಳಗಾಳಿಯ ಬಿಸಿ ಒಂದು ಓಟದಲ್ಲಿ 20 ಡಿಗ್ರಿ ಏರಿದರೆ, ಅಥವಾ 70 ಮುಟ್ಟಿದರೆ, ನಿಮ್ಮ ಇಂಟರ್‌ಕೂಲರ್‌ಗೆ ಇಷ್ಟೇ ಸಾಧ್ಯ.

ಬೂಸ್ಟ್ ಗೆರೆಯ ಆಕಾರವೂ ಮಾತಾಡುತ್ತದೆ. ಶುರುವಿನಲ್ಲಿ ಜಿಗಿದು ಇಳಿದರೆ ನಿಯಂತ್ರಣ ತಡವಾಗುತ್ತಿದೆ. ಆರ್‌ಪಿಎಂ ಏರಿದಂತೆ ಬೂಸ್ಟ್ ತಾನೇ ಏರುತ್ತಾ ಹೋದರೆ ಅದು ಬೂಸ್ಟ್ ಕ್ರೀಪ್, ದೊಡ್ಡ ಡೌನ್‌ಪೈಪ್ ಹಾಕಿಸಿದವರಲ್ಲಿ ಜಾಸ್ತಿ, ವೇಸ್ಟ್‌ಗೇಟ್‌ಗೆ ಅಷ್ಟು ಹೊಗೆ ಹೊರಗೆ ಬಿಡಲು ಆಗುತ್ತಿಲ್ಲ ಅಂತ ಅರ್ಥ. ಫೈಲ್‌ನಿಂದ ಅದು ಸರಿಯಾಗುವುದಿಲ್ಲ. ಪಿ0299 ಕೋಡ್ ಬಂದರೆ ಬೂಸ್ಟ್ ಕಡಿಮೆ, ಹಂತ 3ರ ಲೀಕ್ ಟೆಸ್ಟ್ ಮತ್ತೆ ಮಾಡಿ. ಪಿ0234 ಬಂದರೆ ಮಿತಿ ಮೀರಿದೆ. ಚೆಕ್ ಎಂಜಿನ್ ದೀಪ ಮಿಣಮಿಣ ಅಂದರೆ ಮಿಸ್‌ಫೈರ್, ಕ್ಯಾಟಲಿಟಿಕ್ ಕನ್ವರ್ಟರ್ ಸುಡುವ ಮೊದಲು ನಿಧಾನ ಮಾಡಿ.

ಇನ್ನೊಂದು ಅಪಾಯ ಲಾಗಿನಲ್ಲಿ ಸಿಗುವ ಹೊತ್ತಿಗೆ ತಡವಾಗಿರುತ್ತದೆ. ಆರನೇ ಗೇರಿನಲ್ಲಿ 1500 ಆರ್‌ಪಿಎಂನಲ್ಲಿ ಹೋಗುತ್ತಿರುವಾಗ, ಗೇರ್ ಇಳಿಸದೆ, ಲಾರಿ ಹಿಂದೆ ಹಾಕಲು ಪೂರ್ತಿ ಒತ್ತುವುದು. ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಆಗ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳಬಹುದು. ಒಂದೇ ಪೆಟ್ಟಿಗೆ ಪಿಸ್ಟನ್ ಒಡೆದ ಎಂಜಿನ್‌ಗಳಿವೆ. ಬೂಸ್ಟ್ ಏರಿಸಿದ ಗಾಡಿಯಲ್ಲಿ 2000ರ ಕೆಳಗೆ ಪೂರ್ತಿ ಒತ್ತಬೇಡಿ, ದಯವಿಟ್ಟು. ಗೇರ್ ಇಳಿಸಿ.

## ಹಂತ 8: ಬಿಸಿಲಿನಲ್ಲೂ ಘಾಟಿಯ ಕೆಳಗೂ ಪರೀಕ್ಷೆ

ಬೆಳಗಾವಿಯ ಜನವರಿ ಬೆಳಗಿನಲ್ಲಿ ಚೆನ್ನಾಗಿ ಬಂದ ಲಾಗ್ ನಂಬಬೇಡಿ. ಅದೇ ಗಾಡಿ ವಿಜಯಪುರದ 40 ಡಿಗ್ರಿ ಮಧ್ಯಾಹ್ನದಲ್ಲಿ ಬೇರೆಯೇ ಗಾಡಿ. ಬಿಸಿಲಿನಲ್ಲಿ ಸಿಕ್ಕ ಅಂಕಿಯೇ ನಿಮ್ಮ ಮಿತಿ.

ಕೈ ಕಂಟ್ರೋಲರ್ ಇರುವ ಹಳೆಯ ಗಾಡಿಯವರು ಇನ್ನೊಂದು ಗಮನಿಸಿ. ಬೆಳಗಾವಿಯಲ್ಲಿ ಗೇಜ್ 1.0 ಬಾರ್‌ಗೆ ಇಟ್ಟರೆ ಒಟ್ಟು 1.93. ಜಾಂಬೋಟಿ, ಚೋರ್ಲಾ ಘಾಟಿ ಇಳಿದು ಪಣಜಿ ಮುಟ್ಟಿದಾಗ ಗೇಜ್ ಅದೇ 1.0 ತೋರಿಸುತ್ತದೆ, ಒಟ್ಟು ಮಾತ್ರ 2.01. ನೀವು ಏನೂ ಮುಟ್ಟದೆಯೇ 1 ಪಿಎಸ್‌ಐಗಿಂತ ಜಾಸ್ತಿ ಏರಿದೆ. ಗೋವಾಕ್ಕೆ ಹೋಗುವ ಮುಂಚೆ ಅಷ್ಟು ಇಳಿಸಿಕೊಂಡು ಹೋಗಿ. ಒಟ್ಟು ಒತ್ತಡ ನೋಡಿ ನಡೆಯುವ ಇಸಿಯು ಇದ್ದರೆ ಈ ಚಿಂತೆ ಇಲ್ಲ.

## ಹಂತ 9: ಮೊದಲ 500 ಕಿಲೋಮೀಟರ್ ಆದಮೇಲೆ

ಪ್ಲಗ್ ಬಿಚ್ಚಿ, ಬಿಸಿಲಿಗೆ ಹಿಡಿದು, ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆಗಳು ಕಂಡರೆ ನಾಕಿಂಗ್ ಆಗುತ್ತಿದೆ. ಬೆಳ್ಳಿಯ ಹಾಗೆ ಹೊಳೆಯುವ ಕಣ ಕಂಡರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ, ಆ ಗಾಡಿಯನ್ನು ಮೂಲ ಫೈಲಿಗೆ ತಂದು ಮನೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಿ, ಎಂಜಿನ್ ಬಿಚ್ಚದೆ ಮತ್ತೆ ಬೂಸ್ಟ್ ಕೊಡಬೇಡಿ.

ಎಲ್ಲ ಕ್ಲಾಂಪ್ ಮತ್ತೆ ಬಿಗಿಯಿರಿ, ಬಿಸಿಗೆ ಸಡಿಲವಾಗಿರುತ್ತವೆ. ಆಯಿಲ್ ಮಟ್ಟ ವಾರಕ್ಕೊಮ್ಮೆ ನೋಡಿ. ಜೋರಾಗಿ ಓಡಿಸಿ ಬಂದಮೇಲೆ ಕೊನೆಯ ಎರಡು ಕಿಲೋಮೀಟರ್ ಮೆಲ್ಲಗೆ ಬನ್ನಿ, ಟರ್ಬೊ ತಣಿಯಲಿ. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಡಾಟ್ 4 ಹೊಸದು ಹಾಕಿಸಿ, ಟಯರ್ ಗಟ್ಟಿಯಾಗಿದ್ದರೆ ಬದಲಿಸಿ. ಪ್ರತಿ ಲಾಗಿನ ಹೆಸರಿನಲ್ಲೇ ದಿನಾಂಕ, ಊರು, ಹೊರಗಿನ ಬಿಸಿ, ಬಂಕು, ಫೈಲ್ ನಂಬರ್ ಬರೆದಿಡಿ. ಮುಂದಿನ ಏಪ್ರಿಲ್‌ನಲ್ಲಿ ಅದೇ ರಸ್ತೆ, ಅದೇ ಗೇರಿನಲ್ಲಿ ಇನ್ನೊಮ್ಮೆ ಲಾಗ್ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅದೇ ಬೂಸ್ಟಿಗೆ ವೇಸ್ಟ್‌ಗೇಟ್ ಡ್ಯೂಟಿ ಹೋದ ವರ್ಷಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ, ಸೋಪಿನ ನೀರು ತೆಗೆದುಕೊಂಡು ಹಂತ 3ಕ್ಕೆ ಹೋಗಿ.